ದಾರ ಕಟ್ಟಿದ ಕೈಗಳು

ಫೆಬ್ರವರಿ ೧೧

ಪೀಚು,

ನೀನು ಕೇಳಿದ ಸೀಸೆಗಳು ನಿನ್ನೆ ಹೊರಟವು. ನಲವತ್ತೊಂದು ಸೀಸೆ, ಆರು ಪೆಟ್ಟಿಗೆ. ಮುಚ್ಚಳಗಳಿಗೆಲ್ಲ ಮೇಣ ಹಚ್ಚಿ, ಸುತ್ತ ಹತ್ತಿ ತುರುಕಿ, ನಾನೇ ನಿಂತು ಕಟ್ಟಿಸಿದ್ದೇನೆ. ನಾನು ಕೆಲಸ ಬಿಟ್ಟು ಆರು ವರ್ಷವಾಯಿತು. ಆದರೂ ಕಡಲ ಕೇಂದ್ರದ ಮಾದರಿ ಕೋಣೆ ನೋಡಿಕೊಳ್ಳುವ ಹೊಸಬ ಹೇಳಿ ಕಳಿಸಿದ್ದ: "ಅಮ್ಮ, ನೀವೇ ಬಂದ್ಬಿಡಿ. ಏನಾದ್ರೂ ಒಡೆದ್ರೆ ಆ ದೂರದ ಮ್ಯೂಸಿಯಂನೋರು ನನ್ನನ್ನೇ ಸೀಸೆಗೆ ಹಾಕ್ತಾರೆ."

ಮೂರು ದಿನ ನಿಂತು ಸೊಂಟ ಹಿಡಿದುಕೊಂಡಿದೆ. ನಿನ್ನ ದೊಡ್ಡಪ್ಪ ಎಣ್ಣೆ ತಿಕ್ಕುತ್ತ, "ಮೂವತ್ತನಾಲ್ಕು ವರ್ಷ ಆ ಹುಳಗಳ ಜೊತೆ ಸಂಸಾರ ಮಾಡಿದ್ದು ಸಾಲ್ಲಿಲ್ವಾ? ನನ್ನ ಜೊತೆ ಇದ್ದದ್ದು ಬರೀ ಭಾನುವಾರ" ಎಂದರು. ಹುಳವಲ್ಲ, ಸೀಗಡಿ ಎಂದೆ. "ತಿನ್ನೋಕಾಗದ ಸೀಗಡಿ ಹುಳಾನೇ" ಎಂದರು. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿದವರ ಬುದ್ಧಿ, ಒಂದೇ ಏಟಿಗೆ ಎರಡು ತುಂಡು.

ಈ ಬಿಲಸೀಗಡಿಗಳ ಮೇಲೆ ನೀನು ನಾಲ್ಕು ವರ್ಷ ಕೂತಿದ್ದೀ ಎಂದರೆ ನನಗೆ ಒಳಗೊಳಗೇ ಖುಷಿ. ನೀರು ಇಳಿದಾಗ ಬಯಲಾಗುವ ಕೆಸರಿನಲ್ಲಿ ಮೊಳದಾಳ ಬಿಲ ತೋಡಿ, ಬೆಳಕು ಕಾಣದೆ ಬದುಕುವ ಬೆರಳುದ್ದದ ಜೀವ. ಒಂದು ಕೈ ದೊಡ್ಡದು, ಒಂದು ಚಿಕ್ಕದು. ಓದು ಕಲಿತವರು ಇದಕ್ಕೆ ಏನೆಲ್ಲ ಹೆಸರಿಟ್ಟರೂ ನನಗೆ ಇರುವುದು ಎರಡೇ ಬಗೆ. ದೊಡ್ಡ ಕೈಯ ತೋಳಿನಡಿ ಕೊಕ್ಕೆಯಿದ್ದು ಬಾಲ ಚೂಪಾಗಿದ್ದರೆ ‘ಕೊಕ್ಕೆಗೈ’. ಕೊಕ್ಕೆಯಿಲ್ಲದೆ ಬಾಲ ಗುಂಡಗಿದ್ದರೆ ‘ನುಣುಪುಗೈ’. ಸೀಸೆ ತೊಳೆಯಲು ಸೇರಿದ ಹೆಂಗಸು ನಾನು. ಇಷ್ಟು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ಅದೂ ಕದ್ದು ಕದ್ದು ಲೆನ್ಸಿನಲ್ಲಿ ನೋಡಿ.

ಫೋನ್ ಮಾಡಬೇಡ. ನನ್ನ ಕಿವಿಗೆ ನೀನು ಹೇಳುವುದೊಂದು, ಬೀಳುವುದೊಂದು. ಕಾಗದವೇ ವಾಸಿ.

ನಿನ್ನ ಅಮ್ಮ, ನನ್ನ ತಂಗಿ, ಮೊನ್ನೆ ಬಂದು ನಿನ್ನ ಮದುವೆ ವಿಷಯ ಎತ್ತಿದಳು. ಸೀಗಡಿ ಮುಗಿಯಲಿ ಎಂದು ಬಾಯಿ ಮುಚ್ಚಿಸಿದ್ದೇನೆ.

ದೊಡ್ಡಮ್ಮ


ಮಾರ್ಚ್ ೨೪

ದೊಡ್ಡಮ್ಮ,

ಸೀಸೆ ಒಂದೂ ಒಡೆದಿಲ್ಲ. ಪೆಟ್ಟಿಗೆ ಬಿಚ್ಚಿದವನು, "ಇದನ್ನ ಕಟ್ಟಿದೋರು ಯಾರು, ಕೂಸು ಮಲಗಿಸಿದ ಹಾಗಿದೆ" ಎಂದ. ನಮ್ಮ ದೊಡ್ಡಮ್ಮ ಎಂದು ಜಂಬದಿಂದ ಹೇಳಿಕೊಂಡೆ.

ಈಗ ನಿಜವಾದ ಸುದ್ದಿ. ಮೆಲ್ಲಗೆ ಓದು. ನಿನಗೆ ಇರುವುದು ಎರಡು ಬಗೆಯಾದರೆ ನನಗೆ ಮೂರನೆಯದು ಸಿಕ್ಕಿದೆ. ತೋಳಿನಡಿ ಕೊಕ್ಕೆಯಿದೆ, ಬಾಲ ಮಾತ್ರ ಗುಂಡಗಿದೆ. ಏಳು ಮಾದರಿಗಳು. ಎಲ್ಲವೂ ನಿಮ್ಮ ಉತ್ತರದ ಕೊಲ್ಲಿಯವು, ಎಲ್ಲವೂ ನಿನ್ನ ಅಕ್ಷರದ ಚೀಟಿ ಇರುವ ಸೀಸೆಗಳಲ್ಲಿ. ಈ ಕುಲದಲ್ಲಿ ಇನ್ನೊಂದು ಪ್ರಭೇದವಿದೆಯೆಂದು ಯಾರೂ ಅಂದುಕೊಂಡೇ ಇರಲಿಲ್ಲ.

ಇದರ ಅರ್ಧ ಪುಣ್ಯ ನಿನ್ನದು. ಬೇರೆ ಕಡೆಯಿಂದ ತರಿಸಿದ ಸೀಸೆಗಳಲ್ಲಿ ದೊಡ್ಡ ಕೈಗಳೆಲ್ಲ ಕಳಚಿ ತಳದಲ್ಲಿ ರಾಶಿ ಬಿದ್ದಿವೆ. ಯಾವ ಕೈ ಯಾರದು ಎಂದು ಬ್ರಹ್ಮನೂ ಹೇಳಲಾರ. ನೀನೊಬ್ಬಳೇ ಒಂದೊಂದು ಕೈಯನ್ನೂ ಅದರದರ ಮೈಗೆ ಬಿಳಿ ದಾರದಿಂದ ಕಟ್ಟಿದ್ದೀ. ನಮ್ಮಲ್ಲೂ ಅದೇ ಪದ್ಧತಿ: ಹಿಡಿದದ್ದನ್ನು ಒಂದೊಂದಾಗಿ ಬೇರೆ ಬೇರೆ ಕೊಳವೆಗೆ ಹಾಕುವುದು, ಕಣ್ಣೆದುರು ಕಳಚಿದ ಕೈಗೆ ಮಾತ್ರ ದಾರ. ದಾರ ಕಂಡರೆ ನಾವು ಕಣ್ಣು ಮುಚ್ಚಿ ನಂಬುತ್ತೇವೆ.

ಸಾಕಾಗಿದೆ ದೊಡ್ಡಮ್ಮ. ನಾಲ್ಕು ವರ್ಷದಿಂದ ಕಿಟಕಿಯಿಲ್ಲದ ಕೋಣೆಯಲ್ಲಿ ಸೀಗಡಿಯ ಬಾಲ ಅಳೆಯುತ್ತಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥೆ ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಇದ್ದ ಎರಡನ್ನ ಎರಡು ಅಂತ ಹೇಳೋಕೆ ನಾಲ್ಕು ವರ್ಷವೇ?" ಎಂದು ನಕ್ಕು ಹೋಗುತ್ತಿದ್ದರು. ನಿನ್ನೆ ಒಳಗೆ ಬಂದು ಕೂತರು.

ನಿನ್ನ ಪೀಚು


ಏಪ್ರಿಲ್ ೧೦

ಪೀಚು,

ಕಾಗದ ಬಂದು ಹತ್ತು ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಬೇಡ. ಇಲ್ಲಿ ಮೇಲಿನ ತೊಟ್ಟಿ ಸೋರಿ ಅಡುಗೆಮನೆಯ ಗೋಡೆ ನೆನೆದು ಹೋಗಿತ್ತು, ಅದರ ರಗಳೆ. ನಿನ್ನ ದೊಡ್ಡಪ್ಪ ತಾನೇ ಸರಿ ಮಾಡುತ್ತೇನೆಂದು ಹತ್ತಿ, ನಲ್ಲಿ ಮುರಿದು, ಇಳಿದು ಬಂದರು.

ಮೂರನೆಯ ಬಗೆ ಎಂದು ಓದಿ ಸಂತೋಷವಾಯಿತು. ಒಂದು ಮಾತು ಕೇಳಲೇ? ಓದದವಳ ಪ್ರಶ್ನೆ, ನಗಬೇಡ. ಆ ಏಳರಲ್ಲಿ ದಾರವಿಲ್ಲದೆ, ಹುಟ್ಟಿದಂತೆಯೇ ಕೈ ಮೈಗೆ ಅಂಟಿಕೊಂಡಿರುವುದು ಒಂದಾದರೂ ಇದೆಯೇ? ಒಂದೇ ಒಂದು ಇದ್ದರೂ ಸಾಕು. ನೋಡಿ ಬರೆ.

ಊಟ ಬಿಡಬೇಡ. ನಿನ್ನ ಅಕ್ಷರ ಓಡುತ್ತಿದೆ, ನಿದ್ದೆ ಕಡಿಮೆಯಾದವರ ಅಕ್ಷರ.

ದೊಡ್ಡಮ್ಮ


ಮೇ ೨

ದೊಡ್ಡಮ್ಮ,

ನಗುವುದೇನು, ಪ್ರಬಂಧ ತಿದ್ದುವವರು ಮೊದಲು ಕೇಳುವ ಪ್ರಶ್ನೆಯೇ ಅದು. ನೀನು ನನ್ನನ್ನು ಪರೀಕ್ಷೆ ಮಾಡುತ್ತಿದ್ದೀ ಎಂದು ಗೊತ್ತಾಯಿತು. ಇಲ್ಲ, ಅಂಟಿಕೊಂಡದ್ದು ಒಂದೂ ಇಲ್ಲ, ಏಳಕ್ಕೆ ಏಳೂ ದಾರದವೇ. ಉಳಿದೆರಡು ಬಗೆಗಳಲ್ಲಿ ಐದರಲ್ಲೊಂದಾದರೂ ಕೈ ಬಿಡದೆ ಉಳಿದಿರುತ್ತದೆ. ಇದು ಬೇಗ ಕೈ ಕಳಚುವ ಪ್ರಭೇದ ಇರಬೇಕು. ಅದನ್ನೂ ಲಕ್ಷಣಗಳಲ್ಲಿ ಸೇರಿಸಿದ್ದೇನೆ.

ಮುಖ್ಯಸ್ಥೆಗೆ ಈಗ ನಾನು "ನಮ್ಮ ಹುಡುಗಿ". ಸೆಪ್ಟೆಂಬರಿನಲ್ಲಿ ಸಮಿತಿ ಕೂರುತ್ತದೆ. ಐದು ಜನ ತಾತ್ಕಾಲಿಕದವರಿದ್ದೇವೆ, ಒಬ್ಬರನ್ನು ಖಾಯಂ ಮಾಡುತ್ತಾರೆ, ಉಳಿದವರು ಮುಂದಿನ ವರ್ಷವೂ ಹೀಗೇ ಒಂದು ಕಾಲು ಹೊರಗಿಟ್ಟು ಕೂರಬೇಕು. ಹೊಸ ಪ್ರಭೇದವಿದ್ದರೆ ನನ್ನದೇ ಎಂದು ಎಲ್ಲರೂ ಹೇಳುತ್ತಾರೆ. ಜೂನ್ ಕೊನೆಗೆ ಪತ್ರಿಕೆಗೆ ಕಳಿಸುತ್ತೇನೆ.

ಕೊನೆಗಿಟ್ಟುಕೊಂಡ ಮಾತು: ಹೊಸ ಪ್ರಭೇದಕ್ಕೆ ನಿನ್ನ ಹೆಸರಿಡುತ್ತಿದ್ದೇನೆ. ಏಳನೇ ತರಗತಿಗೇ ಬಿಡಿಸಿ ಮನೆಯಲ್ಲಿ ಕೂರಿಸಿದರಲ್ಲ ನಿನ್ನನ್ನು. ಇನ್ನು ನೂರು ವರ್ಷವಾದರೂ ಓದಿದವರು ನಿನ್ನ ಹೆಸರು ಹೇಳಿಯೇ ಮುಂದೆ ಹೋಗಬೇಕು.

ಪೀಚು


ಮೇ ೨೦

ಪೀಚು,

ನನ್ನ ಹೆಸರು ಬೇಡ. ದಯವಿಟ್ಟು ಇಡಬೇಡ.

ಇನ್ನೊಂದು, ಜೂನಿನಲ್ಲಿ ಕಳಿಸಲೇಬೇಕೇ? ಸ್ವಲ್ಪ ತಡೆದರೆ ಆಗದೇ? ನೀರು ಚೆನ್ನಾಗಿ ಇಳಿಯುವ ದಿನಗಳು ಬರಲಿ, ಉತ್ತರದ ಕೊಲ್ಲಿಯಿಂದ ಹೊಸದಾಗಿ ಹಿಡಿಸಿ ನೋಡೋಣ ಎಂದಿದೆ. ನನಗೆ ಈಗೀಗ ಬೇಗ ಆಯಾಸ. ನಾಲ್ಕು ಸಾಲು ಬರೆದರೆ ಕಣ್ಣು ನೀರಾಡುತ್ತದೆ. ಅದಕ್ಕೇ ಇಷ್ಟೇ.

ದೊಡ್ಡಮ್ಮ


ಜೂನ್ ೨೮

ದೊಡ್ಡಮ್ಮ,

ಇವತ್ತು ಬೆಳಿಗ್ಗೆ ಪ್ರಬಂಧ ಪತ್ರಿಕೆಗೆ ಹೋಯಿತು.

ತಡೆಯಲು ಆಗಲಿಲ್ಲ. ಸಮಿತಿಗೆ ಮುಂಚೆ ಪತ್ರಿಕೆಯವರು ಒಪ್ಪಿದ ಕಾಗದ ಕೈಯಲ್ಲಿರಬೇಕು. ಹೊಸದಾಗಿ ಹಿಡಿಸುವುದು ಒಳ್ಳೆಯದೇ, ಆದರೆ ಅದು ಮುಂದಿನ ಕೆಲಸ.

ಹೆಸರಿನ ವಿಷಯಕ್ಕೆ ನನಗೆ ನೋವಾಯಿತು. ನಿನಗೆ ಸಂಕೋಚ ಎಂದು ಗೊತ್ತು. ಎಲ್ಲಿಗೆ ಕರೆದರೂ ಹಿಂದಿನ ಸಾಲಿನಲ್ಲಿ ಕೂರುವವಳು ನೀನು. ಆದರೆ "ದಯವಿಟ್ಟು" ಎಂದು ನನಗೆ ಬರೆಯುವಷ್ಟು ನಾನು ಏನು ಮಾಡಿದೆ? ಹೆಸರು ಇಟ್ಟೇ ಕಳಿಸಿದ್ದೇನೆ. ಬೈಯುವುದಾದರೆ ಬೈ.

ಪೀಚು


ಆಗಸ್ಟ್ ೩

ದೊಡ್ಡಮ್ಮ,

ಬೈಗುಳವೂ ಬರಲಿಲ್ಲ.

ಐದು ವಾರವಾಯಿತು. ಅಮ್ಮನನ್ನು ಕೇಳಿದರೆ "ಚೆನ್ನಾಗೇ ಇದ್ದಾಳೆ, ವಾರದಲ್ಲಿ ನಾಲ್ಕು ದಿನ ಕೆಸರಿನ ಕಡೆ ಹೋಗ್ತಾಳೆ, ಈ ವಯಸ್ಸಲ್ಲಿ ಏನು ಹುಚ್ಚೋ" ಎಂದಳು. ಕೆಸರಿನಲ್ಲಿ ಏನು ಮಾಡುತ್ತಿದ್ದೀ? ಜಾರಿ ಬಿದ್ದರೆ ಯಾರು ಎತ್ತುತ್ತಾರೆ? ಕಣ್ಣು ಡಾಕ್ಟರಿಗೆ ತೋರಿಸಿದೆಯಾ?

ಪ್ರಬಂಧ ಓದಿದ ಇಬ್ಬರಲ್ಲಿ ಒಬ್ಬರು ಒಪ್ಪಿದ್ದಾರೆ. ಒಂದು ಸಾಲು ಬರೆ, ಸಾಕು.

ಪೀಚು


ಆಗಸ್ಟ್ ೧೯

ಪೀಚು,

ಇದನ್ನು ಕೂತು ಓದು. ಹತ್ತಿರ ಯಾರಾದರೂ ಇದ್ದರೆ ಅವರು ಹೋದ ಮೇಲೆ ಓದು.

ನಿನ್ನ ಮೂರನೆಯ ಬಗೆ ಇಲ್ಲ. ಅದನ್ನು ಮಾಡಿದವಳು ನಾನು.

ಮೊದಲಿನಿಂದ ಹೇಳುತ್ತೇನೆ. ನಾನು ಸೇರಿದ ಮೂರನೆಯ ವರ್ಷ, ಹಳೆಯ ನಿರ್ದೇಶಕರು ಯಾರೋ ದೊಡ್ಡವರಿಗೆ ಮಾದರಿ ಕೋಣೆ ತೋರಿಸಲು ಬಂದಿದ್ದರು. ಬಿಲಸೀಗಡಿಯ ಸೀಸೆ ಎತ್ತಿ ಹಿಡಿದರೆ ಮೈಗಳೆಲ್ಲ ಮೇಲೆ, ಕೈಗಳೆಲ್ಲ ತಳದಲ್ಲಿ. "ಇದೇನಮ್ಮ, ಕೈಯಿಲ್ಲದವರ ಮೆರವಣಿಗೆ. ಜೋಡಿಸಿಡೋಕೆ ಆಗಲ್ವಾ?" ಎಂದರು. ಬಂದವರು ನಕ್ಕರು. ನನಗೆ ಅವಮಾನವಾಯಿತು, ಸೀಗಡಿಗಳಿಗೂ ಆದಂತೆ ಅನಿಸಿತು.

ಅಂದಿನಿಂದ ಜೋಡಿಸತೊಡಗಿದೆ. ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಕೊಳವೆ ಎಲ್ಲಿತ್ತು? ಒಂದು ಬಕೆಟ್ ತುಂಬ ಹಿಡಿದು ತರುತ್ತಿದ್ದರು. ಸ್ಪಿರಿಟ್ಟು ಸುರಿದ ಕೂಡಲೇ ಪಾಪದವು ಕೈ ಎಸೆದುಬಿಡುತ್ತಿದ್ದವು. ನಾನು ಇಕ್ಕುಳದಲ್ಲಿ ಒಂದೊಂದು ಕೈ ಎತ್ತಿ ಎಡದ್ದೋ ಬಲದ್ದೋ ನೋಡುತ್ತಿದ್ದೆ, ಅಳತೆ ನೋಡುತ್ತಿದ್ದೆ, ಮೈಯ ಕೀಲಿಗೆ ಕೂರುತ್ತದೆಯೋ ನೋಡುತ್ತಿದ್ದೆ. ಕೂತರೆ ದಾರ ಕಟ್ಟುತ್ತಿದ್ದೆ. ಕೂರದಿದ್ದರೆ ಮುಂದಿನ ಮೈಗೆ. ಒಂದು ಮೈಯೂ ಬರಿಗೈಯಲ್ಲಿ ನನ್ನ ಕೋಣೆಯಿಂದ ಹೊರಗೆ ಹೋಗಬಾರದೆಂಬುದು ನನ್ನ ಹಟ. ಅದರ ಮೇಲೆ ನನಗೆ ಎಷ್ಟು ಜಂಬವಿತ್ತೆಂದರೆ, ಕೆಲಸ ಬಿಡುವ ದಿನ ಹೊಸಬನಿಗೆ ಕೀಲಿಕೈ ಕೊಡುವ ಮೊದಲು ಆ ಗಂಟು ಕಲಿಸಿದೆ.

ನನಗೆ ದಾರವೆಂದರೆ "ಇದು ಇದಕ್ಕೆ ಒಪ್ಪುತ್ತದೆ" ಎಂದು. ನಿಮಗೆ ದಾರವೆಂದರೆ "ಇದು ಇದರದೇ, ನಾನು ಕಣ್ಣಾರೆ ಕಂಡೆ" ಎಂದು. ಹಾಗೂ ಒಂದು ಅರ್ಥ ಇದೆಯೆಂದು ನಿನ್ನ ಮಾರ್ಚ್ ಕಾಗದ ಓದುವವರೆಗೆ ನನಗೆ ಗೊತ್ತಿರಲಿಲ್ಲ. ಉತ್ತರದ ಕೊಲ್ಲಿಯಲ್ಲಿ ಎರಡು ಬಗೆಯೂ ಒಂದೇ ಕೆಸರಿನಲ್ಲಿವೆ, ಒಂದೇ ಬಕೆಟ್ಟಿಗೆ ಬೀಳುತ್ತಿದ್ದವು. ಕೊಕ್ಕೆಗೈಯ ಕೈ ನುಣುಪುಗೈಯ ಮೈಗೆ ಕೂತಿದೆ, ನಾನು ಕಟ್ಟಿದ್ದೇನೆ. ತಿರುಗುಮುರುಗಾಗಿ, ಚೂಪು ಬಾಲದ ಮೈಗೆ ಕೊಕ್ಕೆಯಿಲ್ಲದ ಕೈಯನ್ನೂ ಕಟ್ಟಿರಬೇಕು. ಆದರೆ ಕೊಕ್ಕೆಗೈಯ ಹೆಣ್ಣಿಗೂ ಮರಿಗೂ ಹೇಗೂ ಕೊಕ್ಕೆ ಇರದು, ಹೆಣ್ಣೋ ಮರಿಯೋ ಎಂದುಕೊಂಡಿರುತ್ತೀ, ಅದಕ್ಕೇ ಅವು ನಿನ್ನ ಕಣ್ಣಿಗೆ ಬಿದ್ದಿಲ್ಲ.

ಏಪ್ರಿಲಿನಲ್ಲೇ ಹೇಳಬೇಕಿತ್ತು. ತೊಟ್ಟಿ ಸೋರಿದ ಕಥೆ ಬರೆದೆ. ಸೋರಿದ್ದು ನಿಜ, ಆದರೆ ಅದು ಒಂದು ದಿನದ ಕೆಲಸ. ಹೇಳಲಿಲ್ಲ, ಏಕೆಂದರೆ ಇದ್ದರೂ ಇರಬಹುದು ಎಂಬ ಆಸೆ. ಕೆಸರಿನೊಳಗೆ ಏನಿದೆಯೆಂದು ಯಾರು ಕಂಡಿದ್ದಾರೆ? ನಿನ್ನ ಮೂರನೆಯದು ನಿಜವಾಗಿಯೂ ಸಿಕ್ಕಿಬಿಟ್ಟರೆ ನನ್ನ ತಪ್ಪನ್ನು ಹೇಳುವ ಅಗತ್ಯವೇ ಇಲ್ಲವಲ್ಲ ಎಂದುಕೊಂಡೆ. ಅದಕ್ಕೇ ಜೂನಿನಿಂದ ಕೊಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ಗಾಳದ ಮೀನಿಗೆಂದು ಬಿಲಸೀಗಡಿ ಹಿಡಿದು ಮಾರುವವನೊಬ್ಬನಿದ್ದಾನೆ. ಹಿತ್ತಾಳೆಯ ಪಂಪನ್ನು ಬಿಲಕ್ಕಿಟ್ಟು ಎಳೆದರೆ ಸೀಗಡಿ ಕೆಸರಿನ ಸಮೇತ ಮೇಲೆ ಬರುತ್ತದೆ. ಅವನ ಪಕ್ಕದಲ್ಲಿ ಮಣೆ ಹಾಕಿ ಕೂತು, ಬಂದದ್ದನ್ನು ಒಂದೊಂದೇ ಬೇರೆ ಬೇರೆ ಲೋಟದಲ್ಲಿ ಬಿಟ್ಟು ಲೆನ್ಸಿನಲ್ಲಿ ನೋಡಿದೆ.

ಮೊದಲ ದಿನ ಅವನಿಗೆ ತಮಾಷೆ. "ಏನಮ್ಮ ಹುಡುಕ್ತಾ ಇದೀರಾ? ಮೂಗುತಿ ನುಂಗಿದೆಯಾ?" ಎಂದ.

"ಕೊಕ್ಕೆ ಇರಬೇಕು, ಬಾಲ ಗುಂಡಗಿರಬೇಕು. ಅಂಥದ್ದು ಕಂಡಿದೀಯಾ?"

"ಇಪ್ಪತ್ತೆರಡು ವರ್ಷದಿಂದ ಹಿಡೀತಿದೀನಿ, ಬಾಲ ನೋಡಿಲ್ಲ. ಮೀನೂ ನೋಡಲ್ಲ ಬಿಡಿ, ನುಂಗುತ್ತೆ ಅಷ್ಟೇ."

ಎರಡನೆಯ ವಾರದಿಂದ ಅವನೇ ಬಾಲ ನೋಡತೊಡಗಿದ. "ಚೂಪು, ಕೊಕ್ಕೆ. ಗುಂಡು, ಕೊಕ್ಕೆ ಇಲ್ಲ. ಚೂಪು, ಕೊಕ್ಕೆ" ಎಂದು ಪಂಪು ಎಳೆಯುತ್ತಲೇ ಕೂಗಿ ಹೇಳುತ್ತಿದ್ದ. ಒಟ್ಟು ಆರುನೂರ ಹನ್ನೆರಡು ನೋಡಿದೆವು ಪೀಚು. ಎಲ್ಲದರ ಕೈಯೂ ಮೈಮೇಲೆಯೇ ಇತ್ತು. ಎರಡೇ ಬಗೆ. ಕೊನೆಯ ದಿನ ಅವನು ಕೈ ತೊಳೆದುಕೊಂಡು, "ಇಲ್ಲ ಬಿಡಿ ಅಮ್ಮ. ಇದ್ದಿದ್ರೆ ನನ್ನ ಕೈಗೆ ಬರದೆ ಎಲ್ಲಿಗೆ ಹೋಗ್ತಿತ್ತು?" ಎಂದ. ಸಮಾಧಾನ ಹೇಳುವ ದನಿಯಲ್ಲಿ ಹೇಳಿದ. ನಾನೇನೂ ಅವನಿಗೆ ಹೇಳಿರಲಿಲ್ಲ.

ಇನ್ನೂ ಅಚ್ಚಾಗಿಲ್ಲ ತಾನೇ? ಹಿಂದಕ್ಕೆ ತರಿಸು. ಸಮಿತಿ ಕೂರುವುದು ಮುಂದಿನ ತಿಂಗಳು ಎಂದು ಗೊತ್ತು, ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾಲ್ಕು ತಿಂಗಳ ಹಿಂದೆ ಬರೆದಿದ್ದರೆ ನಿನಗೆ ಬೇರೆ ದಾರಿಯಾದರೂ ಇರುತ್ತಿತ್ತು. ಅದನ್ನೂ ತಿಂದವಳು ನಾನೇ.

ದೊಡ್ಡಮ್ಮ


ಸೆಪ್ಟೆಂಬರ್ ೬

ದೊಡ್ಡಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಪ್ರಬಂಧವನ್ನು ಹಿಂದಕ್ಕೆ ಪಡೆಯುವುದಾಗಿ ಪತ್ರಿಕೆಗೆ ತಿಳಿಸಿದ್ದೇನೆ. ನಮ್ಮ ಮುಖ್ಯಸ್ಥೆಗೂ ತಿಳಿಸಿದ್ದೇನೆ.

ಯಾವ ಯಾವ ವರ್ಷಗಳಲ್ಲಿ, ಯಾವ ಯಾವ ಸೀಸೆಗಳಲ್ಲಿ ನೀವು ಹೀಗೆ ಕಟ್ಟಿದ್ದೀರಿ ಎಂಬ ಪಟ್ಟಿ ಬೇಕು. ಬೇರೆ ಸಂಸ್ಥೆಗಳಿಗೆ ಹೋದ ಸೀಸೆಗಳಿದ್ದರೆ ಅವುಗಳ ವಿವರವೂ ಬೇಕು.

ಕಳಿಸಿ.


ಸೆಪ್ಟೆಂಬರ್ ೨೫

ಪೀಚು,

"ನೀವು" ಎಂದಿದ್ದೀ. ಯಾರಿಗೆ ಬಂದ ಕಾಗದವೆಂದು ಒಂದು ಗಳಿಗೆ ಹೊರಗಿನ ವಿಳಾಸ ತಿರುಗಿಸಿ ನೋಡಿದೆ. ನಿನ್ನ ದೊಡ್ಡಪ್ಪ ಓದಿ, "ಅವಳು ಬೈದಿದ್ರೆ ಚೆನ್ನಾಗಿತ್ತು" ಎಂದು ಕನ್ನಡಕ ತೆಗೆದಿಟ್ಟರು. ಆಮೇಲೆ ಇಡೀ ದಿನ ಒಂದು ಕುಚೋದ್ಯವನ್ನೂ ಮಾಡಲಿಲ್ಲ. ಅದು ನನಗೆ ನಿನ್ನ ಕಾಗದಕ್ಕಿಂತ ಭಾರವಾಯಿತು.

ಪಟ್ಟಿ ಇದರೊಂದಿಗಿದೆ. ನಮ್ಮ ಕೇಂದ್ರದಲ್ಲಿ ನೂರ ಎಂಟು ಸೀಸೆ, ಅದರಲ್ಲಿ ನಲವತ್ತೊಂದು ನಿನ್ನ ಬಳಿ ಇವೆ. ವಿನಿಮಯಕ್ಕೆಂದು ನಾಲ್ಕು ಕಡೆಗೆ ಹೋದವು ಇಪ್ಪತ್ತಾರು, ಯಾವುದು ಎಲ್ಲಿಗೆ ಎಂದು ಬರೆದಿದ್ದೇನೆ. ಮೂವತ್ತೊಂದು ವರ್ಷದ ರಿಜಿಸ್ಟರು ಎಳೆಎಳೆಯಾಗಿ ನೋಡಬೇಕಾಯಿತು, ಅದಕ್ಕೇ ತಡ. ಹೊಸಬ ಒಂದೊಂದು ಸಾಲು ಓದಿದ, ನಾನು ಬರೆದುಕೊಂಡೆ. ಅವನಿಗೂ ಎಲ್ಲ ಹೇಳಿದೆ. "ಹಾಗಾದ್ರೆ ನಾನೂ ಆರು ವರ್ಷದಿಂದ ಕಟ್ತಾ ಇದೀನಲ್ಲಮ್ಮ" ಎಂದ. ನಾನು ಕಲಿಸಿದ ಗಂಟು. ಅವನ ಒಂಬತ್ತು ಸೀಸೆಗಳನ್ನೂ ಪಟ್ಟಿಯ ಕೊನೆಗೆ ಸೇರಿಸಿದ್ದೇನೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ಕ್ಷಮಿಸಿದರೆ ನನ್ನ ಹೊರೆ ಇಳಿಯುತ್ತದೆ, ನಿನ್ನದು ಇಳಿಯುವುದಿಲ್ಲವಲ್ಲ.

ಸಮಿತಿ ಏನಾಯಿತೆಂದು ಕೇಳುವ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

ದೊಡ್ಡಮ್ಮ


ಅಕ್ಟೋಬರ್ ೩೦

ದೊಡ್ಡಮ್ಮ,

ಸಮಿತಿ ಕೂತಿತು, ಎದ್ದಿತು. ಖಾಯಂ ಆದವನು ಪಾಚಿ ನೋಡುವವನು, ಒಳ್ಳೆಯವನೇ. ನನಗೆ ಇನ್ನೊಂದು ವರ್ಷ ಕೊಟ್ಟಿದ್ದಾರೆ. ಮುಖ್ಯಸ್ಥೆ ಮತ್ತೆ ಬಾಗಿಲಲ್ಲೇ ನಿಲ್ಲುತ್ತಾರೆ. ಬೇಸರಕ್ಕೂ ಒಂದು ತ್ರಾಣ ಬೇಕು. ನನಗೆ ಸುಮ್ಮನೆ ಸುಸ್ತು. ಬೆಳಿಗ್ಗೆ ಬಂದು ಕೋಟು ತೆಗೆಯದೆ ಅರ್ಧ ಗಂಟೆ ಕೂರುತ್ತೇನೆ.

ನಾನೂ ಒಂದು ಹೇಳಬೇಕು. ಹೇಳದೆ ನಿನಗೆ "ನೀವು" ಎಂದು ಬರೆದದ್ದು ಸೆಪ್ಟೆಂಬರಿನಿಂದ ಕಾಡುತ್ತಿದೆ.

ಏಳು ಮಾದರಿ ಎಂದು ಬರೆದಿದ್ದೆನಲ್ಲ, ಇದ್ದದ್ದು ಎಂಟು. ಎಂಟನೆಯದರ ಕೈ ಆ ಮೈಗೆ ದೊಡ್ಡದಾಗಿತ್ತು. ಕೀಲಿಗೆ ಕೂತೇ ಇರಲಿಲ್ಲ, ದಾರ ಎಳೆದು ಬಿಗಿದು ಕೂರಿಸಿದ್ದೀ. ಅವತ್ತು ಸಂಜೆಯಾಗಿತ್ತೋ, ನಿನಗೆ ದಣಿವಾಗಿತ್ತೋ. ಸೂಕ್ಷ್ಮದರ್ಶಕದಡಿ ಅದನ್ನು ಎಷ್ಟು ಹೊತ್ತು ನೋಡಿದೆನೋ. ಆಮೇಲೆ ಅದನ್ನು ಸೀಸೆಗೆ ಹಾಕಿ, ಮುಚ್ಚಳ ತಿರುಗಿಸಿ, ಕಪಾಟಿನ ಹಿಂದಿನ ಸಾಲಿಗೆ ಇಟ್ಟೆ. "ಹಾಳಾದ ಮಾದರಿ" ಎಂದು ಟಿಪ್ಪಣಿ ಬರೆದೆ. ಇದು ಮಾರ್ಚ್ ಹದಿನೆಂಟರಂದು. ನಿನಗೆ ಸಂಭ್ರಮದ ಕಾಗದ ಬರೆದದ್ದು ಅದಾಗಿ ಆರು ದಿನಕ್ಕೆ.

ನೀನು ಏಪ್ರಿಲಿನಲ್ಲಿ ಅಂಟಿಕೊಂಡದ್ದು ಒಂದಾದರೂ ಇದೆಯೇ ಎಂದು ಕೇಳಿದಾಗ ಪರೀಕ್ಷೆ ಮಾಡುತ್ತಿದ್ದೀ ಎಂದು ಹಾರಿಸಿದೆ. ನೀನು ಯಾಕೆ ಕೇಳಿದೆ ಎಂದು ನನಗೆ ಗೊತ್ತಿತ್ತು. ಪೂರ್ತಿ ಗೊತ್ತಿರಲಿಲ್ಲ, ಪೂರ್ತಿ ಗೊತ್ತಾಗದ ಹಾಗೆ ನೋಡಿಕೊಂಡೆ. ನಿನ್ನ ಹೆಸರಿಟ್ಟದ್ದೂ ಅದಕ್ಕೇ ಇರಬಹುದು. ನಿನ್ನ ಹೆಸರಿದ್ದರೆ ಅದನ್ನು ನಾನೇ ಪ್ರಶ್ನಿಸಲಾರೆ ಅಲ್ಲವೇ. ನೀನಾದರೂ ಕೆಸರಿಗಿಳಿದು ಹುಡುಕಿದೆ.

ಈಗ ಕುಲದ ಪ್ರಬಂಧವನ್ನು ಮತ್ತೆ ಬರೆದಿದ್ದೇನೆ. ಎರಡೇ ಪ್ರಭೇದ. ನಿನ್ನ ಆರುನೂರ ಹನ್ನೆರಡರ ಎಣಿಕೆಯನ್ನೂ ಸೇರಿಸಿದ್ದೇನೆ, ಇಡೀ ಪ್ರಬಂಧದಲ್ಲಿ ಗಟ್ಟಿಯಾದ ಪುಟ ಅದೊಂದೇ. ಹಳೆಯ ಮಾದರಿಗಳ ಬಗ್ಗೆ ಒಂದು ವಾಕ್ಯ ಹಾಕಿದ್ದೇನೆ: "ಕೆಲವು ಸಂಗ್ರಹಗಳಲ್ಲಿ ಕಳಚಿದ ಕೈಗಳು ಬೆರೆತಿರುವ ಸಾಧ್ಯತೆಯಿದೆ." ಯಾರ ಹೆಸರೂ ಇಲ್ಲ, ಕೇಂದ್ರದ ಹೆಸರೂ ಇಲ್ಲ. ಯಾರೂ ನಿನ್ನ ಕಡೆ ಬೆರಳು ತೋರಿಸಲಾರರು. ಇಷ್ಟಾದರೂ ಮಾಡಲು ಬಿಡು.

ಪೀಚು


ನವೆಂಬರ್ ೨೧

ಪೀಚು,

ನೀನು ಕಾಗದದ ಅಂಚಿನಲ್ಲಿ ಬರೆದ ಸೀಸೆಯ ಸಂಖ್ಯೆ ಹಿಡಿದು, ಎಂಟನೆಯದು ಯಾವ ದಿನದ್ದೆಂದು ರಿಜಿಸ್ಟರು ನೋಡಿದೆ. ಸಂಜೆಯೂ ಅಲ್ಲ, ದಣಿವೂ ಅಲ್ಲ. ಮಾರನೆಯ ದಿನ ಸೀಸೆಗಳನ್ನು ತಪಾಸಣೆಗೆ ಇಡಬೇಕಿತ್ತು, ಒಂದು ಮೈಗೆ ಕೈ ಉಳಿದಿರಲಿಲ್ಲ, ಪಕ್ಕದ ಸೀಸೆಯಿಂದ ತೆಗೆದು ಕಟ್ಟಿದೆ. ಬಿಗಿದದ್ದು ನೆನಪಿದೆ. ನಾನು ಬಿಗಿದೆ, ನೀನು ಕಪಾಟಿನ ಹಿಂದಿಟ್ಟೆ. ಒಂದೇ ಮನೆಯ ನೀರು ಕುಡಿದವರು. ಇದಕ್ಕೆ ಇನ್ನು ನೀನೂ ಅಳಬೇಡ, ನಾನೂ ಅಳುವುದಿಲ್ಲ. ದಿನವೂ ಏನಾದರೂ ಬಿಸಿಯಾಗಿ ತಿನ್ನು, ಬಂದ ಕೂಡಲೇ ಕೋಟು ತೆಗೆ.

ಆದರೆ ನಿನ್ನ ಆ ವಾಕ್ಯ ಆಗದು. "ಕೆಲವು ಸಂಗ್ರಹಗಳಲ್ಲಿ", "ಸಾಧ್ಯತೆಯಿದೆ" – ಇದನ್ನು ಓದಿದವರಿಗೆ ಏನು ತಿಳಿಯಬೇಕು? ನಾಲ್ಕು ಕಡೆ ಇಪ್ಪತ್ತಾರು ಸೀಸೆಗಳಿವೆ. ಅಲ್ಲಿಯೂ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬಳು ಕೂತು ಬಾಲ ಅಳೆಯುತ್ತಿರುತ್ತಾಳೆ, ನನ್ನ ದಾರ ಕಂಡು ಕಣ್ಣು ಮುಚ್ಚಿ ನಂಬುತ್ತಾಳೆ. ಅವಳಿಗೂ ಒಂದು ಸಮಿತಿ ಇರುತ್ತದೆ. ನನ್ನ ಮಾನ ಉಳಿಸಲು ಹೋಗಿ ಅವಳನ್ನು ಹಳ್ಳಕ್ಕೆ ನೂಕಬೇಡ.

ಹೀಗೆ ಬರೆ. ವ್ಯಾಕರಣ ನೀನು ತಿದ್ದಿಕೋ, ವಿಷಯ ತಿದ್ದಬೇಡ:

"ಈ ಕೇಂದ್ರದ ಸೀಸೆಗಳಲ್ಲಿ ಬಿಳಿ ದಾರದಿಂದ ಕಟ್ಟಿದ ಕೈಯನ್ನು ಆಯಾ ಮೈಯದೆಂದು ನಂಬಬಾರದು. ಅವನ್ನು ಅಳತೆ ನೋಡಿ ಜೋಡಿಸಲಾಗಿದೆ. ಜೋಡಿಸಿದವಳು ಮಾದರಿ ಕೋಣೆಯ ಸಹಾಯಕಿ."

ಇದರ ಕೆಳಗೆ ನನ್ನ ಪೂರ್ತಿ ಹೆಸರು, ಸೀಸೆಗಳ ಪಟ್ಟಿ, ವರ್ಷ. ಅವಳೇ ತಿಳಿಸಿದಳು ಎಂದು ಬೇಕಾದರೆ ಸೇರಿಸು, ಬೇಡದಿದ್ದರೆ ಬಿಡು. ಕಟ್ಟಿದವಳು ಅವಳೇ ಎಂಬುದನ್ನು ಬಿಡಬೇಡ. ಹಳೆಯ ನಿರ್ದೇಶಕರ ಮಾತನ್ನು ಎಳೆದು ತರಬೇಡ. ಅವರು ಜೋಡಿಸು ಎಂದರು, ಹೇಗೆ ಎಂದು ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ.

ಇಲ್ಲಿ ಉಳಿದ ಸೀಸೆಗಳನ್ನು ಬಿಚ್ಚುತ್ತಿದ್ದೇವೆ. ಮಂಗಳವಾರ, ಶುಕ್ರವಾರ ಹೋಗುತ್ತೇನೆ. ನಿನ್ನ ದೊಡ್ಡಪ್ಪ ಜೊತೆಗೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಸ್ಪಿರಿಟ್ಟಿನ ವಾಸನೆಗೆ ತೂಕಡಿಸುತ್ತಾರೆ, ಎದ್ದು "ಇನ್ನೂ ಮುಗೀಲಿಲ್ವಾ ಕೈ ಬಿಡಿಸೋದು" ಎನ್ನುತ್ತಾರೆ. ಕುಚೋದ್ಯ ಮತ್ತೆ ಶುರುವಾಗಿದೆ, ಅಷ್ಟರ ಮಟ್ಟಿಗೆ ವಾಸಿ. ನಾನು ಸಣ್ಣ ಕತ್ತರಿಯಲ್ಲಿ ದಾರ ಕತ್ತರಿಸುತ್ತೇನೆ, ಹೊಸಬ ಕೈಗಳನ್ನು ಬೇರೆ ಸೀಸೆಗೆ ಹಾಕುತ್ತಾನೆ. ಕಟ್ಟುವಾಗ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಕಣ್ಣು ಬೇಗ ಸೋಲುತ್ತದೆ, ದಿನಕ್ಕೆ ಎರಡು ಸೀಸೆಯಾದರೆ ಹೆಚ್ಚು.

ಮೊದಲ ದಿನ ಕೈಗಳ ಸೀಸೆ ತುಂಬಿದಾಗ ಅವನು ಚೀಟಿ ಹಿಡಿದು ಕೂತ. "ದಿನ ಬರೆದೆ, ಕೊಲ್ಲಿ ಬರೆದೆ. ಯಾವ ಬಗೇದು ಅನ್ನೋ ಕಡೆ ಏನು ಬರೀಲಿ ಅಮ್ಮ?"

"ಕೊಕ್ಕೆ ಇದ್ದದ್ದಕ್ಕೆ ಕೊಕ್ಕೆಗೈ ಅಂತ ಬರಿ. ಇಲ್ಲದ್ದಕ್ಕೆ, ಯಾರದೆಂದು ತಿಳಿಯದು ಅಂತ ಬರಿ."

ಅವನು ಪೆನ್ನು ಎತ್ತಿದವನು ಹಾಗೇ ತಡೆದ. "ಹಂಗೆ ಬರೆದ್ರೆ ನೋಡಿದೋರು ಏನಂದ್ಕೊಳ್ತಾರೆ?"

"ನಮಗೆ ತಿಳೀದು ಅಂತ ಅಂದ್ಕೊಳ್ತಾರೆ" ಎಂದೆ.

ಬರೆದ. ಇವತ್ತಿಗೆ ಹದಿನೇಳು ಸೀಸೆಗೆ ಹಾಗೆ ಬರೆದಾಯಿತು. ಇನ್ನೂ ಐವತ್ತೊಂಬತ್ತು ಉಳಿದಿವೆ.

ದೊಡ್ಡಮ್ಮ